ಮಗಳಿಗೆ ಹೊಲಿದ ನೀಲಿ ಪ್ಯಾಂಟು

ಈಗ ಗಂಡು ಹೆಣ್ಣು ಅನ್ನದೆ ಎಲ್ಲರೂ ಹಾಕ್ಕೊಂಡು ತಿರುಗೋ ಜೀನ್ಸ್ ಪ್ಯಾಂಟು ಇದೆಯಲ್ಲ, ಅಂಥದ್ದನ್ನ ನಾನು ಅದರ ಹೆಸರೂ ಗೊತ್ತಿಲ್ಲದ ಕಾಲದಲ್ಲಿ ಮನೇಲಿ ಕೂತು ಹೊಲಿದಿದ್ದೀನಿ. ಷೋಕಿಗಲ್ಲ. ನನ್ನ ಮಗಳು ನಡೀಬೇಕಿತ್ತು, ಅದಕ್ಕೆ ಹೊಲಿದೆ.

ನಾವಿದ್ದದ್ದು ಮೈಸೂರಿನ ಮಂಡಿ ಮೊಹಲ್ಲದ ಒಂದು ವಠಾರದಲ್ಲಿ. ನಾನು, ನಮ್ಮ ಯಜಮಾನರು, ನಮ್ಮತ್ತೆ, ಒಬ್ಬಳೇ ಮಗಳು. ಯಜಮಾನರು ಕಾರ್ಖಾನೇಲಿ ಫಿಟ್ಟರ್. ನನ್ನ ತವರು ಕೆಸರೆ. ಆವಾಗ ಕೆಸರೆ ಅಂದ್ರೆ ಊರಾಚೆ, ಹೊಲ ಗದ್ದೆ. ಈಗಿನದ್ದು ಕೇಳಬೇಡಿ.

ಸ್ವಾತಂತ್ರ್ಯ ಬಂದ ಎರಡು ಮೂರು ವರ್ಷಕ್ಕೆ ಮಗಳು ಹುಟ್ಟಿದಳು. ನಡೆಯೋದು ಕಲಿತು, ಹೊಸ್ತಿಲು ದಾಟಿ ಬೀದಿಗೆ ಓಡೋಕೆ ಶುರು ಮಾಡಿದ್ದಳು, ಆವಾಗ ಜ್ವರ ಬಂತು. ಜ್ವರ ಬಿಟ್ಟಿತು, ಎಡಗಾಲು ಬಿದ್ದುಹೋಯ್ತು. ಈಗ ಅದಕ್ಕೆ ಪೋಲಿಯೋ ಅಂತಾರೆ, ಮಕ್ಕಳ ಬಾಯಿಗೆ ಎರಡು ತೊಟ್ಟು ಹಾಕ್ತಾರೆ. ನಮಗೆ ಯಾರೂ ಹೆಸರು ಹೇಳಲಿಲ್ಲ. ಗಾಳಿ ಸೋಕಿದೆ ಅಂದ್ರು. ಯಂತ್ರ ಕಟ್ಟಿಸಿದ್ವಿ, ಎಣ್ಣೆ ತಿಕ್ಕಿಸಿದ್ವಿ, ನಂಜನಗೂಡಿಗೆ ಹೋಗಿ ಉರುಳುಸೇವೆ ಮಾಡಿದೆ. ಕಾಲು ಮಾತ್ರ ನುಗ್ಗೇಕಾಯಿ ಥರ ತೆಳ್ಳಗೆ ನೇತಾಡ್ತಾ ಇತ್ತು. ಮಗು ಕುಂಡಿ ಮೇಲೆ ತೆವಳಿಕೊಂಡು ಮನೆಯೆಲ್ಲ ಓಡಾಡೋದು. ಬೀದಿಗೆ ಹೋಗಬೇಕು ಅಂದ್ರೆ ನನ್ನ ಸೊಂಟ.

ಏಳು ವರ್ಷ ತುಂಬೋ ಹೊತ್ತಿಗೆ ದೊಡ್ಡಾಸ್ಪತ್ರೇಲಿ ಒಬ್ಬ ಡಾಕ್ಟರು ಕಾಲಿನ ಅಳತೆ ತಗೊಂಡು ಕಬ್ಬಿಣ ಮಾಡಿಸಿಕೊಟ್ಟರು. ಕಾಲಿನ ಎರಡು ಕಡೆ ಕಬ್ಬಿಣದ ಸರಳು, ತೊಡೆಗೆ ಚರ್ಮದ ಪಟ್ಟಿ, ಕೆಳಗೆ ಬೂಟು. ಮಂಡಿ ಹತ್ತಿರ ಒಂದು ಬಳೆ. ಎದ್ದು ನಿಂತಾಗ ಆ ಬಳೆ ಕೆಳಗೆ ಜಾರಿ ಕೂತರೆ ಕಬ್ಬಿಣ ನೆಟ್ಟಗೆ ಬಿಗಿಯಾಗುತ್ತೆ. ಕೂರಬೇಕಾದ್ರೆ ಬಳೆಯನ್ನ ಕೈಯಿಂದ ಮೇಲಕ್ಕೆಳೀಬೇಕು, ಆವಾಗ ಮಂಡಿ ಮಡಚುತ್ತೆ. ಇಷ್ಟೇ ಅದರ ಕೆಲಸ. ಮಗಳು ಮೊದಲನೇ ದಿನವೇ ಗೋಡೆ ಹಿಡ್ಕೊಂಡು ನಡುಮನೆ ದಾಟಿದಳು. ನಮ್ಮತ್ತೆ ದೃಷ್ಟಿ ತೆಗೆದರು.

ತೊಂದರೆ ಆಗಿದ್ದು ಬಟ್ಟೆಯಿಂದ. ಆವಾಗ ಹೆಣ್ಣುಮಕ್ಕಳಿಗೆ ಲಂಗ. ಲಂಗದ ಬಟ್ಟೆ ಬಳೆಗೆ ಸಿಕ್ಕಿಕೊಂಡರೆ ಬಳೆ ಬೀಳಲ್ಲ, ಬಳೆ ಬೀಳದಿದ್ರೆ ಮಂಡಿ ಮಡಚಿಕೊಳ್ಳುತ್ತೆ, ಅವಳು ಬೋರಲು ಬೀಳ್ತಾಳೆ. ಬಿದ್ದೂ ಬಿದ್ದೂ ಹಣೆ ಮೇಲೆ ಗುಬುಟು ಎದ್ದಿತ್ತು. ಗಿಡ್ಡ ಫ್ರಾಕು ಹಾಕಿ ನೋಡಿದೆ. ಕಬ್ಬಿಣ ಇನ್ನೊಂದು ಕಾಲಿನ ಚರ್ಮ ಕೆರೆದು ಹುಣ್ಣು ಮಾಡ್ತು. ಅದೂ ಅಲ್ಲದೆ ಬೀದಿಯವರೆಲ್ಲ ಆ ಕಾಲನ್ನೇ ನೋಡೋರು. ಇವಳು ಒಂದು ಕೈಲಿ ಗೋಡೆ, ಒಂದು ಕೈಲಿ ಫ್ರಾಕು ಎಳ್ಕೊಂಡು ಹೋಗೋಳು.

ಒಂದು ದಿನ ಯಜಮಾನರು ಕಾರ್ಖಾನೆಯಿಂದ ಬಂದವರು ಅವಳ ಹುಣ್ಣು ನೋಡ್ತಾ ಕೂತರು. ಆಮೇಲೆ ತಮ್ಮ ಪ್ಯಾಂಟಿನ ತೊಡೆ ತಟ್ಟಿ ತೋರಿಸಿದರು.

"ನಾನು ದಿನಾ ಕಬ್ಬಿಣದ ಮೇಲೇ ಬಿದ್ದಿರ್ತೀನಿ. ಇದೇನಾದ್ರೂ ಹರಿದಿದೆಯಾ? ಇದನ್ನೇ ಹೊಲಿಸಿ ಹಾಕು."

ಅವರಿಗೆ ವರ್ಷಕ್ಕೊಂದು ಸಲ ಕಾರ್ಖಾನೇಲಿ ನೀಲಿ ಡ್ರಿಲ್ ಬಟ್ಟೆ ಕೊಡ್ತಾ ಇದ್ದರು. ಪ್ಯಾಂಟಿಗೆ ಅಂತ. ಗೋಣಿಯಷ್ಟು ದಪ್ಪ, ನಿಲ್ಲಿಸಿದರೆ ನಿಲ್ಲೋದು. ಆ ವರ್ಷದ್ದು ಹಂಗೇ ಮಡಚಿದ್ದು ಮಡಚಿದಂಗೆ ಪೆಟ್ಟಿಗೇಲಿತ್ತು.

"ನಿಮಗೆ?" ಅಂದೆ.

"ಹಳೇದಕ್ಕೆ ತೇಪೆ ಹಾಕು" ಅಂದ್ರು.

ಬೀದಿ ತುದೀಲಿ ದರ್ಜಿ ಇದ್ದ. ಬಟ್ಟೆ, ಮಗು ಎರಡನ್ನೂ ತಗೊಂಡು ಹೋದೆ. ಅವನು ಬಟ್ಟೆ ನೋಡಿದ, ಮಗು ನೋಡಿದ, ಕಬ್ಬಿಣ ನೋಡಿದ, ಟೇಪನ್ನ ಕೊರಳಿಗೆ ಹಾಕ್ಕೊಂಡುಬುಟ್ಟ.

"ಹೆಣ್ಣುಮಗೂಗೆ ಪ್ಯಾಂಟಾ? ಕಾಲೊಳಗಿನ ಅಳತೆ ನಾನು ತೆಗೆಯೋದಾ? ನಾನೂ ನಾಲ್ಕು ಜನದ ಮಧ್ಯೆ ಬದುಕೋನಮ್ಮ."

"ಏಳು ವರ್ಷದ ಮಗು ಕಣಯ್ಯ."

"ಮಗು ಸರಿ. ಆ ಕಬ್ಬಿಣಕ್ಕೆ ಯಾರು ಹೊಲಿತಾರೆ? ಕಮ್ಮಾರನ ಹತ್ರ ಹೋಗು."

ಅಲ್ಲಿದ್ದ ಗಿರಾಕಿಗಳು ನಕ್ಕರು. ಮಗಳೂ ನಕ್ಕಳು, ಅವಳಿಗೆ ಗೊತ್ತಾಗಲಿಲ್ಲ. ನಾನು ಬಟ್ಟೆ ಸುತ್ತಿಕೊಂಡು ವಾಪಸ್ಸು ಬಂದೆ. ಆವತ್ತೇ ತೀರ್ಮಾನ ಮಾಡಿದೆ, ನಾನೇ ಹೊಲಿಯೋದು ಅಂತ. ನನಗೆ ಬರ್ತಾ ಇದ್ದದ್ದು ಏನು? ಗುಂಡಿ ಹಾಕೋದು, ಸೀರೆ ಅಂಚು ಹಾಕೋದು, ಕೌದಿ ಹೊಲಿಯೋದು. ಅಷ್ಟೇ.

ಯಜಮಾನರದ್ದು ತೀರಾ ಹಳೇ ಪ್ಯಾಂಟು ಒಂದಿತ್ತು. ಅದನ್ನ ಬ್ಲೇಡಲ್ಲಿ ಒಂದೊಂದೇ ಹೊಲಿಗೆ ಕಿತ್ತು, ತುಂಡುಗಳನ್ನೆಲ್ಲ ನೆಲದ ಮೇಲೆ ಹಾಸಿದೆ. ನಮ್ಮತ್ತೆ ಒಳಗಿಂದ ಬಂದು ನೋಡಿ, "ಇದೇನು, ಕುರಿ ಕುಯ್ದು ಪಾಲು ಹಾಕ್ದಂಗೆ ಹಾಕಿದ್ದೀಯ?" ಅಂದ್ರು. ನಿಜವಾಗ್ಲೂ ಹಂಗೇ ಕಾಣ್ತಿತ್ತು. ನಾನು ಪ್ರತಿ ತುಂಡನ್ನೂ ಹಳೇ ಪೇಪರ್ ಮೇಲಿಟ್ಟು ಇದ್ದಲಲ್ಲಿ ಗೆರೆ ಎಳೆದೆ. ಆಮೇಲೆ ಮಗಳನ್ನ ಕಬ್ಬಿಣದ ಸಮೇತ ಪೇಪರ್ ಮೇಲೆ ಮಲಗಿಸಿ ಗೆರೆ ಚಿಕ್ಕದು ಮಾಡಿದೆ. ಅವಳಿಗೆ ಕಚಗುಳಿ, ಹೊರಳಾಡಿ ಎರಡು ಪೇಪರ್ ಹರಿದಳು. ಪ್ಯಾಂಟಿನ ಹಿಂದಿನ ತುಂಡು ಮುಂದಿನದಕ್ಕಿಂತ ದೊಡ್ಡದಿರುತ್ತೆ ಅಂತ ನನಗೆ ಗೊತ್ತಾಗಿದ್ದು ಆವತ್ತು. ರವಿಕೆಗೆ ಮುಂದೆ ಹೆಚ್ಚು ಬಟ್ಟೆ ಬೇಕು, ಪ್ಯಾಂಟಿಗೆ ಹಿಂದೆ. ಹೇಳಿದರೆ ಸುಲಭ. ಕಿತ್ತು ನೋಡದಿದ್ದರೆ ನಾನು ಎರಡೂ ಒಂದೇ ಸಮ ಕತ್ತರಿಸಿ ಮಗು ಕೂರೋಕಾಗದಂಗೆ ಮಾಡ್ತಿದ್ದೆ.

ಎಡಗಾಲಿನ ಪಕ್ಕದ ಹೊಲಿಗೆಯನ್ನ ಮಂಡಿಗಿಂತ ಸ್ವಲ್ಪ ಮೇಲಿಂದ ಕೆಳಗೆ ಹಾಕದೆ ಬಿಟ್ಟೆ. ಅಲ್ಲಿ ಟಿಚ್ ಬಟನ್ ಹಾಕಿದರೆ, ಕೂರೋವಾಗ ಬಿಚ್ಚಿ ಕೈ ಹಾಕಿ ಬಳೆ ಎಳ್ಕೊಬಹುದು. ಇದು ನನ್ನ ತಲೆಗೇ ಹೊಳೆದದ್ದು. ಯಜಮಾನರು, "ನೀನು ಕಾರ್ಖಾನೆಗೆ ಬಾ, ನಾನು ಮುದ್ದೆ ಕಟ್ತೀನಿ" ಅಂದ್ರು.

ವಠಾರದ ಮುಂದಿನ ಮನೆ ಅರಮನೆ ಸೇವೇಲಿದ್ದವರದ್ದು. ಆ ಮನೆ ಅಮ್ಮನೋರ ಹತ್ತಿರ ಕೈಯಲ್ಲಿ ತಿರುಗಿಸೋ ಹೊಲಿಗೆ ಮೆಷಿನ್ನು ಇತ್ತು. ಕೇಳಿದೆ. ಜಗಲಿ ಮೇಲಿಟ್ಟುಕೊಟ್ಟರು. ಒಳಗೆ ಕರೀತಾ ಇರಲಿಲ್ಲ, ಅದು ಆ ಕಾಲ. ಮೊದಲನೇ ಮಡಿಕೆಗೇ ಸೂಜಿ ಪಟ್ ಅಂತ ಮುರೀತು.

"ಅಯ್ಯೋ ಪುಣ್ಯಾತ್ಗಿತ್ತಿ! ನನ್ನ ಮೆಷಿನ್ನು ರವಿಕೆ ಹೊಲಿಯೋಕೆ ಕಣೇ, ಎಮ್ಮೆ ಚರ್ಮ ಹೊಲಿಯೋಕಲ್ಲ!"

ಬೈದರು, ಆದರೆ ಇನ್ನೊಂದು ಸೂಜಿ ಅವರೇ ಹಾಕಿಕೊಟ್ಟರು. ದಪ್ಪ ಬರೋ ಕಡೆ ಬಟ್ಟೆ ಸೋಪು ಉಜ್ಜು, ಸೂಜಿ ಜಾರುತ್ತೆ ಅಂದ್ರು. ಸೋಪು ಉಜ್ಜಿದೆ. ಗುಂಡುಕಲ್ಲು ತಗೊಂಡು ಮಡಿಕೆಗಳನ್ನ ಚಟ್ನಿ ಅರೆದಂಗೆ ಜಜ್ಜಿ ಚಪ್ಪಟೆ ಮಾಡಿದೆ. ಆಮೇಲೆ ಮೆಷಿನ್ನು ಓಡ್ತು. ನಾಲ್ಕು ಹೊಲಿಗೆ ಒಂದು ಕಡೆ ಸೇರೋ ಜಾಗ ಇದೆಯಲ್ಲ, ಕಾಲಿನ ಸಂದು, ಅಲ್ಲಿ ಮಾತ್ರ ಏನು ಮಾಡಿದರೂ ಆಗಲಿಲ್ಲ. ಅಲ್ಲಿ ಗೋಣಿ ಹೊಲಿಯೋ ದಬ್ಬಣದಲ್ಲಿ ಕೈಯಿಂದಲೇ ಹೊಲಿದೆ. ಬೆರಳೆಲ್ಲ ತೂತು.

ಹೊಲಿದು ಮುಗಿಸಿ, ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು ತೊಡಿಸಿದೆ. ಮಗಳು ಎದ್ದಳು. ಬಳೆ ಟಕ್ ಅಂತ ಬಿತ್ತು. ಬಟ್ಟೆ ಎಲ್ಲೂ ಸಿಗಲಿಲ್ಲ. ನಡುಮನೆ, ಹೊಸ್ತಿಲು, ಜಗಲಿ, ವಠಾರದ ಅಂಗಳ. ನಲ್ಲಿ ಹತ್ತಿರ ನಿಂತಿದ್ದ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು. ಒಬ್ಬಳು, "ಗಂಡುಮಗನ್ನ ಹೆತ್ತುಬುಟ್ಟೆ ಬುಡು" ಅಂದಳು. ಹಂಗಂದಿದ್ದು ಕೊಂಕೋ ಸಂತೋಷವೋ, ನಾನು ಕೇಳೋಕೆ ಹೋಗಲಿಲ್ಲ.

ಸ್ಕೂಲಿಗೆ ಹಾಕಿದ್ವಿ. ಮೇಷ್ಟ್ರು ತಲೆ ಕೆರ್ಕೊಂಡು, "ಇವಳನ್ನ ಹೆಣ್ಣುಮಕ್ಕಳ ಸಾಲಲ್ಲಿ ಕೂರಿಸೋದೋ, ಗಂಡುಮಕ್ಕಳ ಸಾಲಲ್ಲೋ?" ಅಂದ್ರು. ಮಗಳೇ ಹೇಳಿದಳು, "ಗೋಡೆ ಪಕ್ಕ ಕೂರಿಸಿ ಸಾರ್, ಕಾಲು ಚಾಚಬೇಕು."

ಇನ್ನು ಮುಂದಿನದ್ದು ಹೇಳ್ತೀನಿ. ಇಲ್ಲಿಂದಲೇ ಕೆಟ್ಟಿದ್ದು.

ನಮ್ಮಲ್ಲಿ ಹೊಸ ಬಟ್ಟೆಯನ್ನ ಒಂದು ಸಲ ಮೈಮೇಲೆ ಹಾಕೋವರೆಗೂ ನೀರು ಸೋಕಿಸಲ್ಲ. ತೊಡೋಕೆ ಮುಂಚೆ ನೆನೆಸೋ ಹೊಸ ಬಟ್ಟೆ ಅಂದ್ರೆ ಅದು ಸಾವಿನ ಮನೇದು. ನಮ್ಮವ್ವ ಹಂಗೇ ಹೇಳಿಕೊಟ್ಟಿದ್ದು, ನಮ್ಮತ್ತೆಯೂ ಹಂಗೇ. ಸೀರೆ ರವಿಕೆಗೆ ಅದರಿಂದ ಏನೂ ಬಾಧೆ ಇಲ್ಲ. ಡ್ರಿಲ್ ಬಟ್ಟೆ ಹಂಗಲ್ಲ. ಒಂದು ಸಲ ನೀರಿಗೆ ಬಿದ್ದರೆ ಸಾಕು, ಮುಟ್ಟಿದರೆ ಮುನಿ ಸೊಪ್ಪಿನ ಥರ ಮುದುಡಿಕೊಳ್ಳುತ್ತೆ.

ಮಗಳು ಆ ಪ್ಯಾಂಟನ್ನ ಬಿಚ್ಚೋಕೇ ಬಿಡ್ತಿರಲಿಲ್ಲ. ಕೊನೆಗೆ ಕೊಳೆ ತಡೀಲಾರದೆ ಒಂದು ಭಾನುವಾರ ಒಗೆದೆ. ಒಣಗಿದ ಮೇಲೆ ತೊಡಿಸೋಕೆ ಹೋದರೆ ಕಬ್ಬಿಣದ ಮೇಲೆ ಹತ್ತಲೇ ಇಲ್ಲ. ಎಳೆದೆ, ಜಗ್ಗಿದೆ. ತೊಡೆ ಹತ್ತಿರ ನಿಂತುಬಿಡ್ತು. ಟಿಚ್ ಬಟನ್ ಒಂದಕ್ಕೊಂದು ಎಟುಕಲಿಲ್ಲ.

ಮುಂದಿನ ಮನೆ ಅಮ್ಮನೋರು ನೋಡಿ ತಲೆ ಮೇಲೆ ಕೈ ಇಟ್ಕೊಂಡರು. "ನೆನೆಸದೇ ಕತ್ತರಿ ಹಾಕಿದ್ಯಾ? ನಮ್ಮನೇಲಿ ಹೊಸ ಬಟ್ಟೆ ನೀರಿಗೆ ಹಾಕದೆ ಮುಟ್ಟೋದೇ ಇಲ್ಲ. ಮಡಿ ಆಗಬೇಡವೇ?"

"ಮೊದಲೇ ಹೇಳಬಾರದಿತ್ತಾ ಅಮ್ಮನೋರೇ?"

"ನೀನು ಕೇಳಿದ್ಯಾ? ನಿಮ್ಮ ಪದ್ಧತಿ ನಿಮಗೆ ಅಂತ ಸುಮ್ಮನಿದ್ದೆ."

ಅವರ ಮನೆ ಮಡಿ ಅವರ ಬಟ್ಟೆ ಉಳಿಸಿತ್ತು. ನಮ್ಮ ಮನೆ ಪದ್ಧತಿ ನಮ್ಮದನ್ನ ಕೆಡಿಸಿತು. ಅಷ್ಟೇ ಅದರಲ್ಲಿರೋದು.

ಮಗಳು ಸ್ಕೂಲಿಗೆ ಹೋಗಬೇಕು ಅಂತ ಅಳ್ತಾ ಕೂತಳು. ಅಂಗಡೀಲಿ ಸಿಗ್ತಿದ್ದ ಡ್ರಿಲ್ಲು ತೆಳ್ಳಗಿತ್ತು, ಆ ಕಬ್ಬಿಣಕ್ಕೆ ವಾರ ತಡೀತಿರಲಿಲ್ಲ. ಕಾರ್ಖಾನೆ ಬಟ್ಟೆಗೆ ವರ್ಷ ಕಾಯಬೇಕು. ನಾನು ಎರಡೂ ಕಾಲಿನ ಪಕ್ಕದ ಹೊಲಿಗೆ ಬಿಚ್ಚಿ, ಆ ಮೊದಲು ಕಿತ್ತು ಹಾಕಿದ್ದೆನಲ್ಲ, ಯಜಮಾನರ ಹಳೇ ಪ್ಯಾಂಟಿನ ತುಂಡುಗಳು, ಅದರಲ್ಲಿ ಉದ್ದಕ್ಕೆ ಪಟ್ಟಿ ಕತ್ತರಿಸಿ ನಡುವೆ ಸೇರಿಸಿದೆ. ಅಳತೆ ಸರಿಹೋಯ್ತು. ಆದರೆ ಹೊಸ ಬಟ್ಟೆ ಕಡುನೀಲಿ, ಹಳೇದು ಒಗೆದೂ ಒಗೆದೂ ಬೂದಿ ಬಣ್ಣಕ್ಕೆ ಬಂದಿತ್ತು. ಸೊಂಟದಿಂದ ಪಾದದವರೆಗೆ ಎರಡು ಕಡೆ ಬಿಳೀ ಪಟ್ಟೆ ಬಳಿದಂಗೆ ಆಯ್ತು.

ಮೈಸೂರಿನ ಮಕ್ಕಳಿಗೆ ಪಕ್ಕದಲ್ಲಿ ಪಟ್ಟೆ ಇರೋ ಪ್ಯಾಂಟು ಯಾರದ್ದು ಅಂತ ಯಾರೂ ಹೇಳಿಕೊಡಬೇಕಿಲ್ಲ. ದಸರಾ ಮೆರವಣಿಗೇಲಿ ಬ್ಯಾಂಡಿನವರನ್ನ ಎಷ್ಟು ನೋಡಿಲ್ಲ. ಅದರ ಮೇಲೆ ಕಬ್ಬಿಣದ ಬೂಟು ಬೇರೆ, ಟಕ್ ಟಕ್ ಅಂತ ಸದ್ದು.

"ಬ್ಯಾಂಡು ಬಂತು, ದಾರಿ ಬುಡ್ರೋ!"

ಮೊದಲನೇ ದಿನ ಅವಳು ಮನೆಗೆ ಬಂದು ನಗ್ತಾನೇ ಹೇಳಿದಳು. "ಅವ್ವ, ನಂಗೆ ಬ್ಯಾಂಡು ಅಂತಾರೆ. ಮುಂದೆ ಒಬ್ಬ ಬಾಯಲ್ಲೇ ಕಹಳೆ ಊದ್ತಾನೆ." ಆಮೇಲೆ ಆಮೇಲೆ ನಗೋದು ನಿಂತುಹೋಯ್ತು. ನಾನು ಒಂದು ದಿನ ಸ್ಕೂಲಿನ ಹತ್ತಿರ ಹೋಗಿ, ಆ ಕಹಳೆ ಹೈದನ ಕಿವಿ ಹಿಂಡಿ ಬಂದೆ. ಮಾರನೇ ದಿನ ಇನ್ನೂ ಜಾಸ್ತಿ ಆಯ್ತು. ಮಗಳು, "ನೀನು ಬರಬ್ಯಾಡ ಕಣವ್ವ" ಅಂದಳು.

ವರ್ಷ ಕಳೆದು ಹೊಸ ಬಟ್ಟೆ ಬಂತು. ಈ ಸಲ ಬಕೆಟ್ಟಿಗೆ ನೀರು ತುಂಬಿ ನೆನೆಹಾಕಿದೆ. ನಮ್ಮತ್ತೆ ಬಚ್ಚಲಿಗೆ ಬಂದವರು ನೀಲಿ ನೀರು ನೋಡಿ ಅಲ್ಲೇ ನಿಂತರು.

"ಯಾರು ಸತ್ತವ್ರೆ ಅಂತ ನೆನೆಹಾಕಿದ್ದೀಯ?"

"ಯಾರೂ ಸಾಯಬಾರದು ಅಂತ್ಲೇ ಹಾಕಿದ್ದೀನಿ ಅತ್ತೆ. ಮಗು ಬಿದ್ದು ತಲೆ ಒಡ್ಕೊಬಾರದಲ್ಲ."

ಆ ತಿಂಗಳೆಲ್ಲ ಅವರು ನನ್ನ ಜೊತೆ ಮಾತಾಡಲಿಲ್ಲ. ಊಟ ಬೇಕಾದ್ರೆ ತಟ್ಟೆ ಸದ್ದು ಮಾಡೋರು.

ಆ ಎರಡನೇ ಪ್ಯಾಂಟು ಚೆನ್ನಾಗಿ ಬಂತು. ನಾನೇ ಹೇಳ್ಕೋಬಾರದು, ಮಗಳು ಅಂಗಡಿ ಮುಂದೆ ಹೋಗೋವಾಗ ದರ್ಜಿ ಕೂಡ ಕತ್ತು ಚಾಚಿ ನೋಡಿದ. ಪಟ್ಟೆ ಇಲ್ಲ, ತೇಪೆ ಇಲ್ಲ. ಬೆಳೆದರೆ ಇರಲಿ ಅಂತ ಕೆಳಗೆ ಅಗಲವಾಗಿ ಮಡಚಿದ್ದೆ. ಅದಾದ ಮೇಲೆ ಪ್ರತಿ ವರ್ಷ ಒಂದು. ಕಬ್ಬಿಣವನ್ನ ಯಜಮಾನರು ಉದ್ದ ಮಾಡೋರು, ಪ್ಯಾಂಟನ್ನ ನಾನು. ಅವರ ಹಳೇ ಪ್ಯಾಂಟಿನಲ್ಲಿ ಬಟ್ಟೆಗಿಂತ ತೇಪೆ ಜಾಸ್ತಿ ಆಗಿತ್ತು. ಕಾರ್ಖಾನೇಲಿ ಯಾರೋ, "ಏನಯ್ಯ, ಕೌದಿ ಸುತ್ಕೊಂಡು ಬಂದಿದ್ದೀಯ" ಅಂದರಂತೆ. ಬಂದು ಹೇಳಿ ನಕ್ಕರು.

ಆದರೆ ಹೆಸರು ಬಿಡಲಿಲ್ಲ. ಪಟ್ಟೆ ಹೋದರೂ ಬ್ಯಾಂಡು ಬ್ಯಾಂಡೇ. ಪಟ್ಟೆ ನೋಡೇ ಇರದ ಚಿಕ್ಕ ಮಕ್ಕಳೂ ಅವಳನ್ನ ಬ್ಯಾಂಡಕ್ಕ ಅನ್ನೋರು. ಪಾಪ, ಅವಕ್ಕೆ ಅದೇ ಅವಳ ಹೆಸರು ಅಂತ. ಅವಳು ಓದಿನಲ್ಲಿ ಮುಂದಿದ್ದಳು. ಮಿಡ್ಲಿಸ್ಕೂಲು ಮುಗಿಸಿ ಹೈಸ್ಕೂಲಿಗೆ ಹೋಗಬೇಕು, ಟೀಚರ್ ಆಗಬೇಕು ಅಂತ ಅವರಪ್ಪನ ಆಸೆ. ನನ್ನ ಆಸೆ ಅಷ್ಟಿರಲಿಲ್ಲ. ನಾನು ಹೋದ ಮೇಲೆ ಯಾರ ಕೈಯೂ ಕಾಯದೆ ಅವಳು ಬಚ್ಚಲಿಗೆ, ಬೀದಿಗೆ ಹೋಗೋ ಹಂಗಿದ್ದರೆ ಸಾಕು ಅಂತಿತ್ತು. ಅದಕ್ಕೇ ನಾನು ವರ್ಷ ವರ್ಷ ಕೂತು ಹೊಲಿದದ್ದು.

ಮಿಡ್ಲಿಸ್ಕೂಲಿನ ಕೊನೇ ವರ್ಷ ಮೈನೆರೆದಳು.

ಕೆಸರೆಯಿಂದ ನನ್ನ ತಮ್ಮ ಸೈಕಲ್ಲಿಗೆ ಹಸಿ ಸೊಪ್ಪು ಕಟ್ಟಿಕೊಂಡು ಬಂದ. ಸೋದರಮಾವನೇ ಗುಡ್ಲು ಹಾಕಬೇಕಲ್ಲ. ನಡುಮನೆ ಮೂಲೇಲಿ ಅವಳು ಕೂರೋಕೆ ಸೊಪ್ಪಿನ ಗುಡ್ಲು ಕಟ್ಟಿ, ಹಸಿರು ಸೀರೆ ತಂದು ಕೊಟ್ಟ, ಕೆಂಪು ಅಂಚಿನದ್ದು. ಅವಳು ಮೈನೆರೀತಾಳೋ ಇಲ್ಲವೋ ಅಂತ ನೆಂಟರಲ್ಲಿ ಗುಸುಗುಸು ಇತ್ತು, ಅದಕ್ಕೇ ನಮ್ಮತ್ತೆ ಒಬ್ಬರನ್ನೂ ಬಿಡದೆ ಕರೆದರು. ಕಬ್ಬಿಣ ಬಿಚ್ಚಿ ಗೂಡಿನಲ್ಲಿಟ್ಟೆ. ಸೀರೆ ಉಡಿಸಿ, ಮೊಗ್ಗಿನ ಜಡೆ ಹಾಕಿ, ಎತ್ತಿಕೊಂಡು ಹೋಗಿ ಹಸೆಮಣೆ ಮೇಲೆ ಕೂರಿಸಿದೆ. ಕಾಲು ಎರಡೂ ಸೀರೆ ಒಳಗೆ ಮಡಚಿ ಮುಚ್ಚಿಹೋದವು.

ಸಂಜೆ ಆರತಿಗೆ ಬಂದ ಹೆಂಗಸರು ಚಿಗಳಿ ಕೊಬ್ಬರಿ ಕೊಟ್ಟು ಹಾಡು ಹೇಳಿದರು. "ಎಷ್ಟು ಲಕ್ಷಣವಾಗವ್ಳೆ ನೋಡ್ರೇ" ಅಂದ್ರು. ಒಬ್ಬರೂ ಕಾಲು ನೋಡಲಿಲ್ಲ. ನೋಡೋಕೆ ಕಾಲೇ ಕಾಣ್ತಿರಲಿಲ್ಲ. ಸ್ಕೂಲಿನ ಹುಡುಗೀರೂ ಬಂದಿದ್ದರು. ಅವಳ ಸೀರೆ ಮುಟ್ಟಿ ಮುಟ್ಟಿ ನೋಡಿದರು. ಅವಳಿಗಿಂತ ಮೊದಲು ಸೀರೆ ಉಟ್ಟವರು ಅವರಲ್ಲಿ ಯಾರೂ ಇರಲಿಲ್ಲ. ಮಗಳು ರಾಣಿ ಥರ ಕೂತಿದ್ದಳು. ನಾನು ಆ ಮುಖ ಅವಳದ್ದೇನಾ ಅಂತ ನೋಡಿದೆ. ಜ್ವರ ಬಂದ ಮೇಲೆ ಅಂಥ ಮುಖ ನಾನು ನೋಡೇ ಇರಲಿಲ್ಲ.

ಗುಡ್ಲು ಕಿತ್ತು, ತಲೆಗೆ ನೀರು ಹಾಕಿ, ಎಲ್ಲ ಮುಗಿದ ಮೇಲೆ ಕಬ್ಬಿಣ, ಪ್ಯಾಂಟು ತಂದು ಮುಂದಿಟ್ಟೆ. ಸ್ಕೂಲಿಗೆ ಹೊತ್ತಾಗಿತ್ತು.

"ತಗೊಂಡೋಗವ್ವ" ಅಂದಳು.

"ಯಾಕೆ ಕೂಸೇ, ಇವತ್ತು ಹೋಗಲ್ವಾ?"

"ಇವತ್ತೂ ಇಲ್ಲ, ನಾಳೇನೂ ಇಲ್ಲ. ನಾನು ಇನ್ನು ಸೀರೆನೇ ಉಡೋದು."

"ಸೀರೆ ಉಟ್ಕೊಂಡು ಎಂಗೆ ನಡೀತೀಯ?"

ಕಬ್ಬಿಣ ಹತ್ತಿರಕ್ಕೆ ಎಳ್ಕೊಂಡು, "ಸೀರೆ ಒಳಗೆ ಕಬ್ಬಿಣ ಕಟ್ಟು, ನೋಡಾನ" ಅಂದಳು.

ಕಟ್ಟಿದೆ. ಸೀರೆ ಮೇಲಕ್ಕೆತ್ತಿ ಉಡಿಸಿದೆ. ಗೋಡೆ ಹಿಡ್ಕೊಂಡು ಎದ್ದಳು. ಎರಡು ಹೆಜ್ಜೆ ಸರಿಯಾಗೇ ಇಟ್ಟಳು. ಹೊಸ್ತಿಲ ಹತ್ತಿರ ನೆರಿಗೆ ಬಳೆಗೆ ಸಿಕ್ತು, ಮಂಡಿ ಮಡಚ್ತು, ಬಾಗಿಲ ಚೌಕಟ್ಟಿಗೆ ಬಾಯಿ ಬಡೀತು. ಮುಂದಿನ ಹಲ್ಲು ಮುರಿದು ರಕ್ತ ಸುರೀತು. ನಾನು ಸೀರೆ ತುದಿಯಿಂದ ಒರೆಸ್ತಾ, ಬೈದೆ. ಜೋರಾಗೇ ಬೈದೆ.

"ಪ್ಯಾಂಟು ಹಾಕ್ಕೊಂಡ್ರೆ ಏನು ಸಾಯ್ತೀಯಾ? ಎಷ್ಟು ವರ್ಷದಿಂದ ಬೆರಳು ತೂತು ಮಾಡ್ಕೊಂಡು ಹೊಲಿದಿದ್ದೀನಿ!"

ಅವಳು ಅಳಲಿಲ್ಲ. ಬಾಯಲ್ಲಿ ರಕ್ತ ಇಟ್ಕೊಂಡೇ ಹೇಳಿದಳು.

"ಕೂತಿದ್ರೆ ನಾನೂ ಎಲ್ಲಾರಂಗೇ ಇದೀನಿ ಕಣವ್ವ. ಎದ್ದು ನಿಂತ್ರೆ ತಾನೇ ಬ್ಯಾಂಡು."

ನಾನು ಕಬ್ಬಿಣ ಬಿಚ್ಚಿ ಮತ್ತೆ ಗೂಡಿನಲ್ಲಿಟ್ಟೆ.

ಹಂಗಂತ ಬಿಟ್ಟುಬಿಡಲಿಲ್ಲ. ತಿಂಗಳುಗಟ್ಟಲೆ ಪೀಡಿಸಿದೆ. ಪ್ಯಾಂಟಿನ ಮೇಲೆ ಅಡ್ಡಲಂಗ ಹೊಲಿದುಕೊಡ್ತೀನಿ ಅಂದೆ. ಬಣ್ಣ ಬದಲಾಯಿಸ್ತೀನಿ ಅಂದೆ. ಮುಂದಿನ ಮನೆ ಅಮ್ಮನೋರನ್ನ ಕರ್ಕೊಂಡು ಬಂದು ಬುದ್ಧಿ ಹೇಳಿಸಿದೆ. ಅವರು ಆವತ್ತು ಮೊದಲನೇ ಸಲ ನಮ್ಮನೆ ಒಳಗೆ ಬಂದದ್ದು. ಅವಳ ಪಕ್ಕ ಕೂತು ಏನೇನೋ ಹೇಳಿದರು, ಓದಬೇಕು ಕಣಮ್ಮ, ಜಾಣೆ ಕಣಮ್ಮ ನೀನು ಅಂತ. ಮಗಳು ಎಲ್ಲದಕ್ಕೂ "ಹ್ಞೂಂ ಅಮ್ಮನೋರೇ" ಅಂದಳು. ಅವರು ಎದ್ದು ಹೋದ ಮೇಲೆ ಕುಂಡಿ ಮೇಲೆ ತೆವಳಿಕೊಂಡು ಒಲೆ ಹತ್ತಿರ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು. ಸೀರೆ ಹಿಂದುಗಡೆಯೆಲ್ಲ ನೆಲದ ಧೂಳು.

ನಮ್ಮತ್ತೆ ಮಾತ್ರ ಅವಳ ಕಡೆ. "ಹೆಣ್ಣು ಹೆಣ್ಣಿನಂಗೆ ಇರ್ತೀನಿ ಅಂದ್ರೆ ಬ್ಯಾಡ ಅಂತೀಯಲ್ಲ, ನೀನೆಂಥ ತಾಯಿ?" ಅಂದ್ರು. ಆವತ್ತು ನಾನು ತಟ್ಟೆ ಸದ್ದು ಮಾಡಿದೆ.

ಆ ವರ್ಷದ ಕಾರ್ಖಾನೆ ಬಟ್ಟೆ ಬಂತು. ಯಜಮಾನರು ಎಂದಿನಂಗೆ ಕಂಕುಳಲ್ಲಿಟ್ಕೊಂಡು ಬಂದು ಮಗಳ ಮುಂದೆ ಇಟ್ಟರು. ಅವಳು ಅದನ್ನ ನಿಧಾನವಾಗಿ ಅವರ ಕಡೆ ತಳ್ಳಿದಳು.

"ನೀನು ಹೊಲಿಸ್ಕೋ ಅಪ್ಪ."

ಅವರು ಎದ್ದು ಹಿತ್ತಿಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದು, "ಅವಳಿಷ್ಟ, ಬುಡು" ಅಂದರು.

ನಾನು ಬಟ್ಟೆ ನೆನೆಸಿ, ಒಣಗಿಸಿ, ಅವರಿಗೇ ಪ್ಯಾಂಟು ಹೊಲಿದೆ. ಅಷ್ಟು ವರ್ಷ ಆದಮೇಲೆ ನಮ್ಮ ಯಜಮಾನರು ಹೊಸ ಪ್ಯಾಂಟು ಹಾಕ್ಕೊಂಡು ಕಾರ್ಖಾನೆಗೆ ಹೋದರು. ಕೈ ಪಳಗಿತ್ತು, ಹೊಲಿಗೆ ನೆಟ್ಟಗೆ ಬಂದಿತ್ತು. ಚೆನ್ನಾಗಿದೆ ಅಂತ ಅಲ್ಲಿ ಎಲ್ಲರೂ ಹೇಳಿದರಂತೆ. ಅದನ್ನ ನನಗೆ ಹೇಳೋವಾಗ ಅವರು ಗೋಡೆ ನೋಡ್ತಿದ್ದರು.

ಅವಳು ಮತ್ತೆ ಎದ್ದು ನಿಲ್ಲಲಿಲ್ಲ. ಕಬ್ಬಿಣ ಗೂಡಿನಲ್ಲೇ ತುಕ್ಕು ಹಿಡೀತು. ಕಾಲು ಇನ್ನೂ ಸಣ್ಣಗಾಯ್ತು, ಮಡಚಿದ್ದು ಬಿಚ್ಚೋಕಾಗದಂಗೆ ಆಯ್ತು. ಆಮೇಲೆ ಅವಳೇ ನಡೀತೀನಿ ಅಂದಿದ್ರೂ ಆಗ್ತಿರಲಿಲ್ಲ. ಅವಳು ಈಗಿಲ್ಲ. ಬಹಳ ವರ್ಷ ಆಯ್ತು. ನಡೀತಿದ್ದರೆ ಇನ್ನೂ ಇರ್ತಿದ್ದಳೋ ಏನೋ, ಯಾರಿಗೆ ಗೊತ್ತು? ಅದನ್ನ ಕೇಳಿ ಕೇಳಿ ನನಗೂ ಸಾಕಾಗಿದೆ. ಅವಳು ಸೀರೆ ಉಟ್ಟದ್ದು ತಪ್ಪು ಅಂತ ನಾನು ಈಗಲೂ ಅಂತೀನಿ. ಆದರೆ ಹಸೆಮಣೆ ಮೇಲೆ ಕೂತಿದ್ದ ಆ ಮುಖಾನೂ ನಾನು ನೋಡಿದ್ದೀನಿ. ಒಂದನ್ನ ಹೇಳಿ ಇನ್ನೊಂದನ್ನ ಬಿಡೋಕಾಗಲ್ಲ.

ಅವಳು ಪ್ಯಾಂಟು ಬಿಟ್ಟ ಆ ವರ್ಷದ ಗೌರಿ ಹಬ್ಬಕ್ಕೆ ಮುಂದಿನ ಮನೆ ಅಮ್ಮನೋರು ಅರಿಶಿನ ಕುಂಕುಮಕ್ಕೆ ಕರೆದರು. "ಮಗಳನ್ನೂ ಕರ್ಕೊಂಡು ಬಾ, ಒಳಗೇ ಬನ್ನಿ" ಅಂದರು. ಮಗಳು ಬೆಳಗ್ಗೆಯಿಂದಲೇ ತಯಾರಿ. ಸೋದರಮಾವ ಕೊಟ್ಟ ಸೀರೆ, ಕೈ ತುಂಬ ಬಳೆ, ತಲೆ ತುಂಬ ಹೂ. ಸಂಜೆ ಆದಮೇಲೆ ನನ್ನ ಕಡೆ ಎರಡು ಕೈ ಚಾಚಿದಳು, ಮಗು ಆಗಿದ್ದಾಗ ಚಾಚ್ತಿದ್ದಂಗೆ.

ಬಗ್ಗಿ ಎತ್ತಿಕೊಂಡೆ. ನನ್ನೆತ್ತರ ಬೆಳೆದಿದ್ದಳು. ಸೊಂಟದ ಮೇಲೆ ನಿಲ್ಲೋ ಮೈಯಲ್ಲ ಅದು. ಒಂದು ಕೈ ಬೆನ್ನಿಗೆ, ಒಂದು ಕೈ ಸೀರೆ ಒಳಗಿನ ಆ ಕಾಲುಗಳ ಕೆಳಗೆ ಕೊಟ್ಟು ಜಗಲಿ ಇಳಿದೆ. ಅಂಗಳದಲ್ಲಿ ಮಕ್ಕಳು ಗೋಲಿ ಆಡ್ತಿದ್ದವು. ನಮ್ಮನ್ನ ನೋಡಿ ಸುಮ್ಮನೆ ದಾರಿ ಬಿಟ್ಟವು. ಬ್ಯಾಂಡು ಅಂತ ಯಾವುದೂ ಅನ್ನಲಿಲ್ಲ. ಒಂದು ಚಿಕ್ಕ ಹುಡುಗಿ, "ಅಕ್ಕ, ನಿನ್ನ ಸೀರೆ ಚೆಂದ ಐತೆ" ಅಂತು.

"ಅವ್ವ, ಸೆರಗು ಸರಿ ಮಾಡು" ಅಂದಳು ನನ್ನ ಮಗಳು.

"ನನ್ನ ಕೈ ಎರಡೂ ನಿನ್ನ ಕೆಳಗವೆ. ನೀನೇ ಮಾಡ್ಕೋ."

ಮಾಡ್ಕೊಂಡಳು. ಹಲ್ಲು ಮುರಿದ ಬಾಯಿ ಬಿಟ್ಟು ನಗ್ತಿದ್ದಳು. ನಲ್ಲಿ ಹತ್ತಿರ ಬರೋ ಹೊತ್ತಿಗೆ ನನ್ನ ಬೆನ್ನು ಬಿರಿಯೋಕೆ ಶುರುವಾಯ್ತು. ನಿಂತೆ. ಉಸಿರು ಎಳ್ಕೊಂಡೆ. ಅವಳು ನನ್ನ ಕಿವಿ ಹತ್ತಿರ ಬಾಯಿ ತಂದು ಕೇಳಿದಳು.

"ನೋವಾಯ್ತದಾ ಅವ್ವ?"

"ಆಯ್ತದೆ" ಅಂದೆ.

"ಇಳಿಸಬ್ಯಾಡ."

ಇಳಿಸಲಿಲ್ಲ.